ಕಲಬುರಗಿಯಲ್ಲಿ ಮನೆ, ಜೇವರ್ಗಿಯಲ್ಲಿ ಶಾಲೆ

ಕಳೆದ ಸೆಮಿಸ್ಟರ್ ಪರೀಕ್ಷೆ ಮುಗಿಯೋ ಹೊತ್ತಿಗೆ ನನ್ನ ರೂಮ್‌ಮೇಟ್‌ನ ಅಕ್ಕನಿಗೆ ಬ್ಯಾಂಕಾಕ್‌ನ ಒಂದು ಇಂಟರ್‌ನ್ಯಾಷನಲ್ ಸ್ಕೂಲ್‌ನಲ್ಲಿ ಗಣಿತದ ಟೀಚರ್ ಕೆಲಸ ಸಿಕ್ಕಿತು. ಎರಡು ದಿನ ರೂಮಿನಲ್ಲಿ ಅದೇ ಮಾತು. ಸಂಬಳ ಎಷ್ಟು, ಬಾಡಿಗೆ ಎಷ್ಟು, ಅಲ್ಲಿ ತೊಗರಿಬೇಳೆ ಸಿಗುತ್ತಾ (ನಗಬೇಡಿ, ಇದನ್ನ ಕೇಳಿದ್ದು ನಾನೇ). ಆಫರ್ ಲೆಟರ್‌ನಲ್ಲಿ ಸಂಬಳದ ಕೆಳಗೆ ಇನ್ನೂ ಮೂರು ಸಾಲು ಇದ್ದವು. ಮನೆ ಬಾಡಿಗೆಗೆ ಅಂತ ಬೇರೆ ದುಡ್ಡು, ವರ್ಷಕ್ಕೊಂದು ಸಲ ಊರಿಗೆ ಹೋಗಿಬರಲು ವಿಮಾನದ ಟಿಕೆಟ್, ಮುಂದೆ ಮಕ್ಕಳಾದರೆ ಅದೇ ಶಾಲೆಯಲ್ಲಿ ಫೀಸ್ ಇಲ್ಲದೆ ಸೀಟು. ಏಷ್ಯಾದ ಇಂಥ ಶಾಲೆಗಳಲ್ಲಿ ಹೊರದೇಶದಿಂದ ಕರೆಸಿಕೊಳ್ಳೋ ಟೀಚರ್‌ಗಳಿಗೆ ಇದು ಮಾಮೂಲಿ ಪ್ಯಾಕೇಜ್ ಅಂತೆ.

ರಾತ್ರಿ ಫೋನಿನಲ್ಲಿ ಅಮ್ಮನಿಗೆ ಇದನ್ನ ಹೇಳಿದೆ. ಅಮ್ಮ ನಕ್ಕಳು. "ನಾನೂ ಒಂಥರಾ ಫಾರಿನ್ನಿಗೇ ಬಂದವಳು ಕಣೇ. ನನಗೆ ಮಾತ್ರ ಆ ಮೂರು ಸಾಲು ಯಾರೂ ಬರೆದುಕೊಡ್ಲಿಲ್ಲ" ಅಂದಳು.

ಅಮ್ಮನ ತವರು ಚಿತ್ರದುರ್ಗ ಜಿಲ್ಲೆ ಹಿರಿಯೂರು ತಾಲ್ಲೂಕು. 2004ರಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆ ಶಿಕ್ಷಕಿಯಾಗಿ ಕೆಲಸ ಸಿಕ್ಕಿದ್ದು ಜೇವರ್ಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಆರ್ಡರ್ ಕಾಪಿ ಕೈಗೆ ಬಂದಾಗ ತಾತ ಭೂಪಟ ತೆಗೆದು ಜೇವರ್ಗಿ ಹುಡುಕಿದರಂತೆ. ತಮಾಷೆ ಅಂದ್ರೆ ಈಗ ಜೇವರ್ಗಿಯಿಂದ ಹೊರಡೋ 150ಎ ರಾಷ್ಟ್ರೀಯ ಹೆದ್ದಾರಿ ಲಿಂಗಸುಗೂರು, ಬಳ್ಳಾರಿ ದಾಟಿ ಹಿರಿಯೂರಿನ ಮೇಲೇ ಚಾಮರಾಜನಗರಕ್ಕೆ ಹೋಗುತ್ತೆ. ಒಂದೇ ರಸ್ತೆ, ಆದರೆ ಅಮ್ಮನಿಗೆ ವಾಪಸ್ ಹೋಗೋಕೆ ಇನ್ನೂ ಆಗಿಲ್ಲ.

ನಮ್ಮ ಕಡೆ ಒಂದು ದೂರು ಯಾವಾಗಲೂ ಕೇಳಿಬರುತ್ತೆ. ಪರವೂರಿನ ಟೀಚರ್‌ಗಳು ಹಳ್ಳಿಯಲ್ಲಿ ಇರಲ್ಲ, ಬಸ್ ಹಿಡಿದು ಬರ್ತಾರೆ, ಬಸ್ ಹಿಡಿದು ಹೋಗ್ತಾರೆ ಅಂತ. ದೂರು ಸುಳ್ಳಲ್ಲ. ಯಾಕೆ ಇರಲ್ಲ ಅನ್ನೋದನ್ನ ಮಾತ್ರ ಯಾರೂ ಲೆಕ್ಕ ಹಾಕಿ ಹೇಳಿದ್ದನ್ನ ನಾನು ನೋಡಿಲ್ಲ. ರಜೆಗೆ ಮನೆಗೆ ಹೋದಾಗ ಅಮ್ಮನ ಜೊತೆ ಮೂರು ದಿನ ಶಾಲೆಗೆ ಹೋಗಿಬಂದೆ. ಬಸ್ಸಿನಲ್ಲಿ ಅವಳ ಸ್ನೇಹಿತೆಯರನ್ನ, ಆಳಂದ ಮತ್ತು ಅಫಜಲಪುರದ ಕಡೆ ಹೋಗೋ ಕೆಲವು ಮೇಷ್ಟ್ರುಗಳನ್ನ ಮಾತಾಡಿಸಿದೆ. ಈ ಲೇಖನ ಆ ನೋಟ್‌ಬುಕ್‌ನಿಂದ.

ಮೊದಲು ಜಾಗ ಗೊತ್ತಿಲ್ಲದವರಿಗಾಗಿ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಲಬುರಗಿ ಜಿಲ್ಲೆಯ ತಾಲ್ಲೂಕುಗಳು. ಕಲಬುರಗಿ ನಗರದಿಂದ ಆಳಂದ ಮತ್ತು ಜೇವರ್ಗಿ ಸುಮಾರು 40 ಕಿ.ಮೀ., ಅಫಜಲಪುರ 60ರ ಆಸುಪಾಸು. ಆಳಂದ, ಅಫಜಲಪುರ ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡಿವೆ, ಆಚೆ ಕಡೆ ಅಕ್ಕಲಕೋಟೆ. ದತ್ತಾತ್ರೇಯನ ಗಾಣಗಾಪುರ ಇರೋದು ಅಫಜಲಪುರ ತಾಲ್ಲೂಕಿನಲ್ಲಿ. ಜೇವರ್ಗಿಗೆ ಹೋಗಬೇಕಾದರೆ ಕಟ್ಟಿಸಂಗಾವಿ ಹತ್ತಿರ ಭೀಮಾ ನದಿ ದಾಟಬೇಕು. ಮೂರೂ ಕಡೆ ತೊಗರಿ, ಜೋಳ, ಕಪ್ಪು ಮಣ್ಣು. 1948ರ ಸೆಪ್ಟೆಂಬರ್ 17ರವರೆಗೆ ಇದೆಲ್ಲ ನಿಜಾಮನ ಹೈದರಾಬಾದ್ ಸಂಸ್ಥಾನ. ಹಿರಿಯೂರಿನಿಂದ ಬಂದವರ ಕಿವಿಗೆ ಆ ಇತಿಹಾಸ ಭಾಷೆಯಲ್ಲೇ ಕೇಳಿಸುತ್ತೆ. ಅಮ್ಮನಿಗೆ ಮೊದಲ ವಾರ ಹಳ್ಳಿಯ ಅಜ್ಜಿಯೊಬ್ಬರು "ಪಗಾರ ಎಷ್ಟರಿ ಅಕ್ಕೋರ?" ಅಂತ ಕೇಳಿದಾಗ ಪಗಾರ ಅಂದ್ರೆ ಏನು ಅಂತ ಹೊಳೀಲಿಲ್ಲವಂತೆ. ಅಕ್ಕೋರು ಅಂದ್ರೆ ತಾನೇ ಅನ್ನೋದೂ ಎರಡು ದಿನ ಬಿಟ್ಟು ಗೊತ್ತಾಗಿದ್ದು.

ಪರವೂರಿನವರು ಅಂದ್ರೆ ಯಾರು? ಅಮ್ಮನ ಬಸ್ಸಿನಲ್ಲೇ ವಿಜಯಪುರ, ಬಾಗಲಕೋಟೆ, ದಾವಣಗೆರೆ, ತುಮಕೂರಿನವರು ಇದ್ದಾರೆ. 371(ಜೆ) ಬಂದ ಮೇಲೆ ಹೊಸದಾಗಿ ಬರೋರು ಕಡಿಮೆ. 2012ರ 98ನೇ ಸಂವಿಧಾನ ತಿದ್ದುಪಡಿಯ ಈ ವಿಧಿಯ ಪ್ರಕಾರ ಇಲ್ಲಿನ ಸ್ಥಳೀಯ ವೃಂದದಲ್ಲಿ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ 80 ಈ ಭಾಗದವರಿಗೇ ಮೀಸಲು. ಪ್ರಾಥಮಿಕ ಶಾಲೆ ಶಿಕ್ಷಕರು ಆ ಗ್ರೂಪಿಗೆ ಬರ್ತಾರೆ. 2022ರಲ್ಲಿ ಪದವೀಧರ ಶಿಕ್ಷಕರ 15,000 ಹುದ್ದೆಗೆ ಪರೀಕ್ಷೆ ನಡೆದಾಗ ಅದರಲ್ಲಿ 5,000 ಕಲ್ಯಾಣ ಕರ್ನಾಟಕದ್ದು. ಆದರೆ ಬೀದರ್‌ನವರು ಜೇವರ್ಗಿಗೆ ಬಂದರೂ, ಕೊಪ್ಪಳದವರು ಅಫಜಲಪುರಕ್ಕೆ ಬಂದರೂ ಅವರೂ ಮನೆ ಬಿಟ್ಟು ಬಂದವರೇ ತಾನೆ. ಕಾನೂನಿನ ಲೆಕ್ಕದಲ್ಲಿ ಸ್ಥಳೀಯರು, ಬಾಡಿಗೆಯ ಲೆಕ್ಕದಲ್ಲಿ ಪರವೂರಿನವರು.

ಇನ್ನು ದುಡ್ಡು. 7ನೇ ವೇತನ ಆಯೋಗದ ಸಂಬಳ 2024ರ ಆಗಸ್ಟ್ 1ರಿಂದ ಜಾರಿಗೆ ಬಂತು. ಹೊಸದಾಗಿ ಸೇರುವ ಪ್ರಾಥಮಿಕ ಶಾಲಾ ಸಹಶಿಕ್ಷಕರ ಮೂಲ ವೇತನ 41,300 ರೂಪಾಯಿ. ಅದರ ಮೇಲೆ ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ ಸೇರುತ್ತೆ. ಎನ್‌ಪಿಎಸ್‌ಗೆ ಶೇ 10, ಕೆಜಿಐಡಿ, ವೃತ್ತಿ ತೆರಿಗೆ ಕಟ್ ಆಗುತ್ತೆ. (2006ರ ಏಪ್ರಿಲ್‌ಗಿಂತ ಮೊದಲು ಸೇರಿದ್ದರಿಂದ ಅಮ್ಮನಿಗೆ ಹಳೇ ಪಿಂಚಣಿ. ಸ್ಟಾಫ್ ರೂಮಿನಲ್ಲಿ ಇದೊಂದೇ ವಿಷಯಕ್ಕೆ ಅವಳ ಮೇಲೆ ಎಲ್ಲರಿಗೂ ಹೊಟ್ಟೆಕಿಚ್ಚು.) ಹೊಸಬರ ಕೈಗೆ ಬರೋದು ನಲವತ್ತು ಸಾವಿರದ ಮೇಲೆ ಸ್ವಲ್ಪ. ಹಳ್ಳಿಯ ಕಣ್ಣಲ್ಲಿ ಇದು ದೊಡ್ಡ ಪಗಾರ. ನಿಜವಾಗಿಯೂ ದೊಡ್ಡದೇ, ಅಲ್ಲೇ ಇದ್ದರೆ.

ಆ ಮನೆ ಬಾಡಿಗೆ ಭತ್ಯೆ ಅನ್ನೋದನ್ನ ಸ್ವಲ್ಪ ನಿಂತು ನೋಡಬೇಕು. ಅದು ಊರಿನ ಜನಸಂಖ್ಯೆ ಮೇಲೆ ಮೂರು ದರದಲ್ಲಿದೆ. 25 ಲಕ್ಷ ದಾಟಿದ ಊರಾದರೆ ಮೂಲ ವೇತನದ ಶೇ 20, ಅಂದ್ರೆ ಬೆಂಗಳೂರು. 5ರಿಂದ 25 ಲಕ್ಷದ ಊರುಗಳಿಗೆ ಶೇ 15, ಕಲಬುರಗಿ ನಗರ ಇದರಲ್ಲಿದೆ. ಉಳಿದ ಎಲ್ಲ ಕಡೆ ಶೇ 7.5. ಹಾಗಾಗಿ 41,300ಕ್ಕೆ ಬೆಂಗಳೂರಿನ ಶಿಕ್ಷಕರಿಗೆ 8,260, ಕಲಬುರಗಿ ನಗರದವರಿಗೆ 6,195, ಜೇವರ್ಗಿ ತಾಲ್ಲೂಕಿನ ಹಳ್ಳಿಯವರಿಗೆ 3,097. ಸಣ್ಣ ಊರಲ್ಲಿ ಬಾಡಿಗೆ ಕಡಿಮೆ, ಅದಕ್ಕೆ ಭತ್ಯೆ ಕಡಿಮೆ ಅನ್ನೋ ಲಾಜಿಕ್. ಪೇಪರ್ ಮೇಲೆ ಸರಿಯಾಗಿದೆ. ಆದರೆ ಇದನ್ನ ಲೆಕ್ಕ ಹಾಕೋದು ಶಾಲೆ ಎಲ್ಲಿದೆ ಅನ್ನೋದರ ಮೇಲೆ, ಮನೆ ಎಲ್ಲಿದೆ ಅನ್ನೋದರ ಮೇಲೆ ಅಲ್ಲ. ನಿಯಮದ ಪ್ರಕಾರ ನೌಕರರು ಕೇಂದ್ರಸ್ಥಾನದಲ್ಲೇ ವಾಸ ಮಾಡಬೇಕು, ಆದ್ದರಿಂದ ಎರಡೂ ಒಂದೇ ಅಂತ ಸರ್ಕಾರ ಅಂದುಕೊಂಡಿದೆ. ಅಮ್ಮನ ಬಸ್ಸಿನವರು ಹೇಳಿದ ಬಾಡಿಗೆ ಹೀಗಿದೆ: ಜೇವರ್ಗಿ ಪಟ್ಟಣದಲ್ಲಿ ಎರಡು ಕೋಣೆಯ ಮನೆಗೆ ನಾಲ್ಕೈದು ಸಾವಿರ, ಕಲಬುರಗಿಯಲ್ಲಿ ಸುಮಾರಾದ ಮನೆಗೆ ಎಂಟರಿಂದ ಹತ್ತು. ಕಲಬುರಗಿಯಲ್ಲಿ ಇದ್ದರೆ ಭತ್ಯೆ ಕಳೆದು ಕೈಯಿಂದ ಐದಾರು ಸಾವಿರ ಹೋಗುತ್ತೆ. ಲೆಕ್ಕ ಬಲ್ಲವರು ಯಾರೇ ಆದರೂ ಜೇವರ್ಗಿಯಲ್ಲೇ ಇರಬೇಕಲ್ಲವಾ? ಆದರೂ ಬೆಳಗ್ಗೆ ಕಲಬುರಗಿ ಬಸ್ ನಿಲ್ದಾಣದಲ್ಲಿ ಟಿಫಿನ್ ಬ್ಯಾಗ್ ಹಿಡಿದು ನಿಂತ ಟೀಚರ್‌ಗಳನ್ನ ಎಣಿಸೋಕಾಗಲ್ಲ.

ಅಮ್ಮ ಶುರುವಿನಲ್ಲಿ ಹಳ್ಳಿಯಲ್ಲೇ ಇದ್ದಳು. ಹಳ್ಳಿಯಲ್ಲಿ ಬಾಡಿಗೆಗೆ ಅಂತ ಕಟ್ಟಿದ ಮನೆ ಇರಲ್ಲ, ಯಾರದ್ದೋ ಮನೆಯ ಮುಂದಿನ ಕೋಣೆ ಕೇಳಬೇಕು. ಕೋಣೆ ಕೊಟ್ಟ ಮನೆಯ ಕಾಕಾ ಮೊದಲ ಎರಡು ತಿಂಗಳು ದುಡ್ಡೇ ಮುಟ್ಟಲಿಲ್ಲ. "ನಮ್ಮ ಮನಿ ಮಗಳಿದ್ದಂಗ ಇದ್ದೀರಿ, ಬಾಡಗಿ ಏನ್ ತಗೊಳ್ಳೋದ್ರಿ ಅಕ್ಕೋರ" ಅಂತ. ದಿನಾ ಸಂಜೆ ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಬರ್ತಿತ್ತು. ರಾಗಿಮುದ್ದೆ ತಿಂದು ಬೆಳೆದವಳಿಗೆ ಜೋಳದ ರೊಟ್ಟಿ ತಟ್ಟೋದನ್ನ ಕಲಿಸಿದ್ದು ಆ ಮನೆಯ ಕಾಕು. ಆ ವರ್ಷದ ಖರ್ಚು ಕೇಳಿದರೆ ಅಮ್ಮನಿಗೆ ಈಗಲೂ ನಗು. ಖರ್ಚೇ ಇರಲಿಲ್ಲ. ಸಂಬಳದಲ್ಲಿ ಹೆಚ್ಚು ಭಾಗ ಹಿರಿಯೂರಿಗೆ ಹೋಗ್ತಿತ್ತು. ಬೇಸಿಗೆಯೊಂದೇ ಕಷ್ಟ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳೇ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ ನಡೆಯೋವಷ್ಟು ಬಿಸಿಲು. ಇಲ್ಲಿ ಮನೆ ಮಾಡೋರು ಮೊದಲು ಕೊಳ್ಳೋ ಸಾಮಾನು ಕೂಲರ್.

ಹಾಗಿದ್ದರೆ ಯಾಕೆ ಬಿಟ್ಟಳು? ನಾನು ಹುಟ್ಟೋಳಿದ್ದೆ. ಪ್ರತಿ ತಿಂಗಳು ಡಾಕ್ಟರ್‌ಗೆ ತೋರಿಸೋಕೆ ಕಲಬುರಗಿಗೇ ಬರಬೇಕಿತ್ತು. ಅಪ್ಪ ಆಗ ಹಿರಿಯೂರಿನಲ್ಲಿ ಕೆಲಸ ಮಾಡ್ತಿದ್ದರು. ಗಂಡ ಹೆಂಡತಿ ಇಬ್ಬರೂ ಸರ್ಕಾರಿ ನೌಕರಿಯಲ್ಲಿದ್ದರೆ ವರ್ಗಾವಣೆಯಲ್ಲಿ ದಂಪತಿ ಪ್ರಕರಣ ಅಂತ ಆದ್ಯತೆ ಇದೆ. ಅಪ್ಪನದ್ದು ಖಾಸಗಿ ಕೆಲಸ, ಹಾಗಾಗಿ ಅದು ಸಿಗಲಿಲ್ಲ. ಕೊನೆಗೆ ಅಪ್ಪನೇ ಕೆಲಸ ಬಿಟ್ಟು ಕಲಬುರಗಿಗೆ ಬಂದು ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ಬರೆಯೋಕೆ ಸೇರಿದರು. ಸಂಬಳ ಮೊದಲಿನದಕ್ಕಿಂತ ಕಡಿಮೆ. ಈ ನಷ್ಟ ಯಾವ ಭತ್ಯೆಯ ಲೆಕ್ಕದಲ್ಲೂ ಬರಲ್ಲ.

ಎಲ್ಲರೂ ಹೀಗೇ ಮಾಡಲ್ಲ. ಅಫಜಲಪುರದಲ್ಲಿ ಒಂದೇ ಮನೆಯಲ್ಲಿ ನಾಲ್ಕು ಮೇಷ್ಟ್ರುಗಳು ಇದ್ದಾರೆ. ನಾಲ್ವರ ಹೆಂಡತಿ ಮಕ್ಕಳೂ ಬೇರೆ ಬೇರೆ ಜಿಲ್ಲೆಯಲ್ಲಿ. ಬಾಡಿಗೆ ಹಂಚಿಕೊಳ್ತಾರೆ, ರೊಟ್ಟಿ ಮಾಡಿ ಮಾರೋ ಮನೆಯಿಂದ ರೊಟ್ಟಿ ತರ್ತಾರೆ, ಸಾರು ಮಾತ್ರ ಸರದಿ ಪ್ರಕಾರ ಮಾಡ್ಕೊಳ್ತಾರೆ. ನಮ್ಮ ಹಾಸ್ಟೆಲ್‌ಗಿಂತ ಶಿಸ್ತು ಅನ್ನಿಸಿತು. ಇವರು ಊರಲ್ಲೇ ಇರ್ತಾರೆ, ಸಂಜೆ ಮಕ್ಕಳಿಗೆ ಪಾಠನೂ ಹೇಳ್ತಾರೆ. ಆದರೆ ಎರಡು ಕಡೆ ಸಂಸಾರದ ಖರ್ಚು, ತಿಂಗಳಿಗೆರಡು ಸಲ ರಾತ್ರಿ ಬಸ್ಸಿನ ಟಿಕೆಟ್. ಅವರಲ್ಲಿ ಒಬ್ಬರು ಹೇಳಿದ್ದು: "ನನ್ನ ಮಗಳು ನಡೆಯೋಕೆ ಕಲಿತದ್ದನ್ನ ನಾನು ವಿಡಿಯೋ ಕಾಲ್‌ನಲ್ಲಿ ನೋಡ್ದೆ ಕಣಮ್ಮ." ನೋಟ್‌ಬುಕ್‌ನಲ್ಲಿ ಇದನ್ನ ಯಾವ ಕಾಲಂನಲ್ಲಿ ಬರೀಬೇಕು ಅಂತ ನನಗೆ ತಿಳೀಲಿಲ್ಲ.

ಓಡಾಡೋರ ದಿನ ಹೀಗಿರುತ್ತೆ. ಅಮ್ಮ ಏಳೋದು ಐದಕ್ಕೆ. ಏಳೂವರೆಗೆ ಮನೆ ಬಿಟ್ಟು ಬಸ್ ನಿಲ್ದಾಣ, ಜೇವರ್ಗಿಗೆ ಒಂದು ಗಂಟೆ, ಅಲ್ಲಿಂದ ಹಳ್ಳಿಗೆ ಟಂಟಂ. ಟಂಟಂ ತುಂಬೋವರೆಗೆ ಹೊರಡಲ್ಲ, ಆ ಕಾಯೋ ಹೊತ್ತನ್ನೂ ಸೇರಿಸಿದರೆ ದಿನಕ್ಕೆ ಮೂರೂವರೆ ಗಂಟೆ ರಸ್ತೆಯಲ್ಲೇ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಬಸ್ ಫ್ರೀ ಆಯ್ತು. ಟೀಚರ್‌ಗಳಿಗೆ ಇದು ಸಣ್ಣ ವಿಷಯ ಅಲ್ಲ, ತಿಂಗಳ ಪಾಸಿನ ದುಡ್ಡು ಪೂರ್ತಿ ಉಳೀತು. "ಪಾಸ್ ದುಡ್ಡು ಉಳೀತು, ಸೀಟು ಹೋಯ್ತು" ಅಂತಾಳೆ ಅಮ್ಮ. ಗಂಡಸರಲ್ಲಿ ನಾಲ್ಕೈದು ಜನ ಸೇರಿ ಒಂದು ಕಾರಿಗೆ ಪೆಟ್ರೋಲ್ ಹಂಚಿಕೊಳ್ತಾರೆ, ಕೆಲವರು ಬೈಕ್. ಮಳೆಗಾಲದಲ್ಲಿ ಸೊನ್ನ ಬ್ಯಾರೇಜ್‌ನಿಂದ ನೀರು ಬಿಟ್ಟರೆ ಭೀಮೆಯ ತಗ್ಗಿನ ಸೇತುವೆಗಳು ಮುಳುಗುತ್ತವೆ, ಆಗ ಸುತ್ತು ಹಾಕಬೇಕು, ಇಲ್ಲವೇ ರಜೆ ಹಾಕಬೇಕು. ಹೊರಗಿನಿಂದ ಬರೋ ಮೇಷ್ಟ್ರ ಈ ಓಡಾಟ ಪ್ರಾಥಮಿಕ ಶಾಲೆಯದ್ದು ಮಾತ್ರ ಅಲ್ಲ. ಆಳಂದ ರಸ್ತೆಯ ಕಡಗಂಚಿಯಲ್ಲಿ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇದೆ, 2009ರಲ್ಲಿ ಶುರುವಾಗಿದ್ದು. ಕೇರಳ, ಒಡಿಶಾ, ಉತ್ತರದ ರಾಜ್ಯಗಳ ಪ್ರೊಫೆಸರ್‌ಗಳು ಅಲ್ಲಿದ್ದಾರೆ, ಅವರಲ್ಲೂ ಎಷ್ಟೋ ಜನರ ಮನೆ ಕಲಬುರಗಿಯಲ್ಲೇ.

ಇಷ್ಟು ದೂರ ಓಡಾಡಿಸೋದು ಯಾವುದು ಅಂತ ಬಸ್ಸಿನಲ್ಲಿ ಕೇಳಿದಾಗ ನೀರು, ಕರೆಂಟು, ಆಸ್ಪತ್ರೆ ಅಂತ ಶುರುಮಾಡ್ತಾರೆ. ಐದು ನಿಮಿಷ ಬಿಟ್ಟರೆ ಎಲ್ಲರೂ ಒಂದೇ ಕಡೆ ಬಂದು ನಿಲ್ತಾರೆ: ಮಕ್ಕಳ ಸ್ಕೂಲು. ಬ್ಯಾಂಕಾಕ್ ಲೆಟರ್‌ನ ಮೂರನೇ ಸಾಲು.

ಇಲ್ಲಿ ನನ್ನ ವಿಷಯ ಹೇಳಲೇಬೇಕು. ಅಮ್ಮ ಕನ್ನಡ ಮಾಧ್ಯಮದ ಶಾಲೆಯಲ್ಲಿ ಪಾಠ ಮಾಡಿ ತಂದ ಸಂಬಳದಲ್ಲಿ ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ ಓದಿದೆ. ವರ್ಷದ ಫೀಸ್, ವ್ಯಾನ್, ಪುಸ್ತಕ ಸೇರಿದರೆ ಅವಳ ಎರಡು ತಿಂಗಳ ಸಂಬಳ. ಒಂದನೇ ಕ್ಲಾಸಿನಿಂದ ಅವಳ ಶಾಲೆಗೇ ಹೋಗಿದ್ದರೆ ಫೀಸೂ ಇಲ್ಲ, ವ್ಯಾನೂ ಇಲ್ಲ, ಅವಳು ದಿನಾ 80 ಕಿ.ಮೀ. ಓಡಾಡೋದೂ ಇರಲಿಲ್ಲ. (ಈ ಲೇಖನದ ಒತ್ತಕ್ಷರಗಳನ್ನ ಕ್ಲಬ್ಬಿನ ಸೀನಿಯರ್ ತಿದ್ದಬೇಕಾಗಿಯೂ ಬರ್ತಿರಲಿಲ್ಲ.) ಹತ್ತನೇ ಕ್ಲಾಸಿನಲ್ಲಿ ಒಂದು ಸಲ ಜಗಳದಲ್ಲಿ ನಾನೇ ಕೇಳಿದ್ದೆ, ನಿನ್ನ ಶಾಲೆ ಅಷ್ಟು ಒಳ್ಳೇದಾದರೆ ನನ್ನನ್ನ ಯಾಕೆ ಸೇರಿಸಲಿಲ್ಲ ಅಂತ. ಅಮ್ಮ ಉತ್ತರ ಕೊಡಲಿಲ್ಲ. ಈ ಸಲ ಬಸ್ಸಿನಲ್ಲಿ ಕೊಟ್ಟಳು. "ಐದು ಕ್ಲಾಸಿಗೆ ನಾವು ಇಬ್ಬರೇ ಟೀಚರ್ ಇದ್ವಿ. ನಾನು ಮೀಟಿಂಗಿಗೆ ಹೋದ ದಿನ ಒಬ್ಬರೇ. ಬೇರೆಯವರ ಮಕ್ಕಳಿಗೆ ಅದು ಸಾಕು ಅಂತ ನಾನು ಯಾವತ್ತೂ ಹೇಳಿಲ್ಲ. ನನ್ನ ಮಗಳಿಗೆ ಸಾಲದು ಅಂತ ಮಾತ್ರ ನಂಗೆ ಗೊತ್ತಿತ್ತು."

ಆಮೇಲೆ ಜೇವರ್ಗಿ ಬರೋವರೆಗೂ ಇಬ್ಬರೂ ಸುಮ್ಮನಿದ್ವಿ.

ಇದರ ಬೆಲೆ ಯಾರು ಕೊಡ್ತಾರೆ ಅನ್ನೋದು ಸಂಜೆ ನಾಲ್ಕೂವರೆಗೆ ಕಾಣುತ್ತೆ. ಗಂಟೆ ಹೊಡೆದ ಹತ್ತು ನಿಮಿಷಕ್ಕೆ ಟಂಟಂ ಬರುತ್ತೆ, ಅದು ತಪ್ಪಿದರೆ ಜೇವರ್ಗಿಯಲ್ಲಿ ಬಸ್ ತಪ್ಪುತ್ತೆ. ಭಾಗಾಕಾರ ಬಾರದ ಹುಡುಗನನ್ನ ಅರ್ಧ ಗಂಟೆ ಕೂರಿಸಿಕೊಳ್ಳೋಣ ಅಂದ್ರೆ ಆಗಲ್ಲ. ಹೈಸ್ಕೂಲಿನವರಿಗೆ ಹತ್ತನೇ ಕ್ಲಾಸಿನ ಸ್ಪೆಷಲ್ ಕ್ಲಾಸು ಇದೇ ಬಸ್ಸಿನ ಟೈಮಿಗೆ ಕಟ್ಟಿಬಿದ್ದಿರುತ್ತೆ. 2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ದಕ್ಷಿಣ ಕನ್ನಡ ಶೇ 91.12 ಪಡೆದು ಮೊದಲು, ಕಲಬುರಗಿ ಶೇ 42.43 ಪಡೆದು ಕೊನೆ. ಇದೆಲ್ಲ ಬಸ್ಸಿನಿಂದ ಆಗಿದ್ದು ಅಂತ ನಾನು ಹೇಳಲ್ಲ. ಖಾಲಿ ಹುದ್ದೆ, ಬಡತನ, ಸುಗ್ಗಿಗೆ ಮಕ್ಕಳನ್ನ ಕರ್ಕೊಂಡು ಗುಳೆ ಹೋಗೋ ಮನೆಗಳು, ಎಲ್ಲ ಇದೆ. ಆದರೆ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳನ್ನ ನೋಡಿ. ಅಲ್ಲಿ ಸಿಬ್ಬಂದಿಗೆ ಕ್ವಾರ್ಟರ್ಸ್ ಇರುತ್ತೆ, ಸಂಜೆಯ ಓದಿಗೆ ಟೀಚರ್ ಇರ್ತಾರೆ. ಅಲ್ಲಿನವರ ಭಕ್ತಿ ಜಾಸ್ತಿ, ಇಲ್ಲಿನವರದ್ದು ಕಡಿಮೆ ಅಂತೇನಲ್ಲ. ಅಲ್ಲಿ ಒಂದು ಮನೆ ಇದೆ, ಅಷ್ಟೇ.

ಊರಲ್ಲೇ ಇರೋ ಟೀಚರ್ ಕೂಡ ಒಬ್ಬರಿದ್ದಾರೆ, ಅತಿಥಿ ಶಿಕ್ಷಕರು. ಹೆಸರು ಅತಿಥಿ, ಆದರೆ ಹುಟ್ಟಿದ್ದು ಅದೇ ಊರಲ್ಲಿ ಅಥವಾ ಪಕ್ಕದೂರಲ್ಲಿ. ಖಾಲಿ ಹುದ್ದೆ ಜಾಗಕ್ಕೆ ಒಂದು ಶೈಕ್ಷಣಿಕ ವರ್ಷಕ್ಕೆ ಮಾತ್ರ ತಗೊಳ್ತಾರೆ. 2025ರ ಬಜೆಟ್‌ನಲ್ಲಿ 2,000 ಏರಿಸಿದ ಮೇಲೆ ಪ್ರಾಥಮಿಕ ಶಾಲೆಯವರಿಗೆ ಗೌರವಧನ 12,000, ಹೈಸ್ಕೂಲಿನವರಿಗೆ 12,500. ಬೇಸಿಗೆ ರಜೆಯಲ್ಲಿ ಅದೂ ಇಲ್ಲ. ಅಮ್ಮನ ಶಾಲೆಯ ಅತಿಥಿ ಶಿಕ್ಷಕಿ ಬಿ.ಎಡ್. ಮಾಡಿದ್ದಾರೆ. ಅದೇ ಪಾಠ, ಅದೇ ಬೋರ್ಡು. ಅಮ್ಮನ ಬಸ್ ಕೆಟ್ಟ ದಿನ ಬಾಗಿಲು ತೆಗೆಯೋದು ಇವರೇ. "ನೀವು ಕಲಬುರಗ್ಯಾಗ ಯಾಕ ಮನಿ ಮಾಡಿಲ್ಲರಿ ಟೀಚರ್?" ಅಂತ ಕೇಳಿದೆ. "ಹನ್ನೆರಡು ಸಾವಿರದಾಗ ಕಲಬುರಗಿ ಬಾಡಗಿ ಕಟ್ಲಿ, ಏನು ಊಟ ಮಾಡ್ಲಿ?" ಅಂದರು. ಅವರ ಮಗನೂ ಅದೇ ಶಾಲೆಯಲ್ಲಿ ಮೂರನೇ ಕ್ಲಾಸು. ಇಂಟರ್‌ನ್ಯಾಷನಲ್ ಸ್ಕೂಲ್‌ಗಳಲ್ಲಿ ಹೊರದೇಶದಿಂದ ಬಂದವರಿಗೆ ಒಂದು ಒಪ್ಪಂದ, ಸ್ಥಳೀಯರಿಗೆ ಇನ್ನೊಂದು ಒಪ್ಪಂದ ಇರೋದು ಸಾಮಾನ್ಯ ಅಂತ ರೂಮ್‌ಮೇಟ್‌ನ ಅಕ್ಕ ಹೇಳಿದ್ದು ನೆನಪಾಯ್ತು. ನಮ್ಮಲ್ಲಿ ಹಾಗೆ ಹೆಸರಿಟ್ಟು ಮಾಡಿಲ್ಲ.

ವಾಪಸ್ ಹೋಗೋ ದಾರಿ ಏನು? ಶಿಕ್ಷಕರ ವರ್ಗಾವಣೆಗೆ 2007ರಲ್ಲೇ ಕಾಯ್ದೆ ಬಂತು, 2020ರಲ್ಲಿ ಹೊಸದು. ಕೌನ್ಸೆಲಿಂಗ್ ಮೂಲಕ ಹೋಗಬಹುದು. ಆದರೆ ಖಾಲಿ ಹುದ್ದೆ ಜಾಸ್ತಿ ಇರೋ ತಾಲ್ಲೂಕಿನಿಂದ ಹೊರಗೆ ಬಿಡೋದು ಕಷ್ಟ, ಬಿಟ್ಟರೂ ಬೇರೆ ಜಿಲ್ಲೆಗೆ ಹೋದರೆ ಜ್ಯೇಷ್ಠತಾ ಪಟ್ಟಿಯ ಕೊನೆಯಲ್ಲಿ ನಿಲ್ಲಬೇಕು. ಇಪ್ಪತ್ತು ವರ್ಷ ಸರ್ವಿಸ್ ಆದವರಿಗೆ ಬಡ್ತಿ ಹತ್ತಿರ ಇರುತ್ತೆ, ಅದು ಕೈತಪ್ಪುತ್ತೆ. ಇನ್ನೊಂದು ದಾರಿ ಪರಸ್ಪರ ವರ್ಗಾವಣೆ. ಹಿರಿಯೂರಿನಲ್ಲಿದ್ದು ಜೇವರ್ಗಿಗೆ ಬರಬೇಕು ಅನ್ನೋ ಒಬ್ಬರು ಸಿಗಬೇಕು. ಇದಕ್ಕಂತಲೇ ವಾಟ್ಸಾಪ್ ಗ್ರೂಪುಗಳಿವೆ, ಮದುವೆ ಬ್ರೋಕರ್ ಗ್ರೂಪಿನ ಹಾಗೆ: "ಬೇಕಾಗಿದ್ದಾರೆ, ಗಣಿತ ವಿಜ್ಞಾನ, ಚಿತ್ರದುರ್ಗ ಜಿಲ್ಲೆಯಿಂದ ಕಲಬುರಗಿಗೆ." ಅಮ್ಮ ಐದು ವರ್ಷದಿಂದ ಆ ಗ್ರೂಪಿನಲ್ಲಿದ್ದಾಳೆ.

ಇಷ್ಟರಲ್ಲಿ ಇನ್ನೊಂದು ನಡೆದಿದೆ. ನಾನು ಹುಟ್ಟಿದ್ದು ಕಲಬುರಗಿಯಲ್ಲಿ. ಹಾಗಾಗಿ ಹಿರಿಯೂರಿನವರ ಮಗಳಾದ ನನ್ನ ಹತ್ತಿರ 371(ಜೆ) ಪ್ರಮಾಣಪತ್ರ ಇದೆ. ಕಲ್ಯಾಣ ಕರ್ನಾಟಕದ ಹೊರಗಿನ ಕಾಲೇಜುಗಳಲ್ಲಿ ಈ ಭಾಗದವರಿಗೆ ಶೇ 8 ಸೀಟು ಮೀಸಲು, ನನಗೆ ಇಲ್ಲಿ ಸೀಟು ಸಿಕ್ಕಿದ್ದು ಅದರಲ್ಲೇ. ಅಮ್ಮನ ಶಾಲೆಯಲ್ಲಿ ಓದಿದ, ನನ್ನದೇ ವಯಸ್ಸಿನ ಎಷ್ಟು ಜನ ಇಂಜಿನಿಯರಿಂಗ್ ಸೇರಿದ್ದಾರೆ ಅಂತ ಅಮ್ಮನನ್ನ ಕೇಳಿದೆ. ಒಬ್ಬ ಡಿಪ್ಲೊಮಾ ಮಾಡ್ತಿದ್ದಾನೆ ಅಂದಳು, ಹೆಸರು, ಮನೆ, ಅವನಪ್ಪನ ಹೆಸರು ಎಲ್ಲ ಹೇಳಿದಳು. ಉಳಿದವರ ಹೆಸರೂ ನೆನಪಿತ್ತು ಅವಳಿಗೆ.

ರಜೆ ಮುಗಿಸಿ ಬರೋ ಹಿಂದಿನ ದಿನ ಆ ವಾಟ್ಸಾಪ್ ಗ್ರೂಪಿನಲ್ಲಿ ಹಿರಿಯೂರು ತಾಲ್ಲೂಕಿನ ಒಬ್ಬರು ಮೆಸೇಜ್ ಹಾಕಿದ್ದರು, ಜೇವರ್ಗಿ ಆದರೂ ಪರವಾಗಿಲ್ಲ ಅಂತ. ಅಮ್ಮ ಅದನ್ನ ಎರಡು ಸಲ ಓದಿದ್ದನ್ನ ನಾನು ನೋಡಿದೆ. ಹೋದ ವಾರ ಫೋನಿನಲ್ಲಿ ಅವರಿಗೆ ಉತ್ತರ ಕೊಟ್ಟೆಯಾ ಅಂತ ಕೇಳಿದರೆ, "ಈ ವರ್ಷ ಐದನೇ ಕ್ಲಾಸಿಗೆ ನಾನೇ ಇರೋದು ಕಣೇ, ಮಾರ್ಚ್ ಕಳೀಲಿ" ಅಂದಳು. ಕೂಲರ್ ರಿಪೇರಿಗೆ ಕೊಟ್ಟಿದ್ದಾಳಂತೆ.